ಲಕ್ವಾ ಹೊಡೆದ ಕೈ ಜೋರಾಗಿ ಎಳೆದಷ್ಟೂ ಬಿಗೀತದ, ಸಾವಕಾಶ ಹಿಡಿದ್ರ ಬಿಚ್ಚತದ. ಯಾಕ?

ಗಂಜಿನ ಮಗಳು, ಕಲಬುರಗಿ
ಭಾನುವಾರ ರಾತ್ರಿ 9:40

ಎಲ್ಲಾರಿಗೂ ಶರಣು ಶರಣಾರ್ಥಿ. ಇಲ್ಲಿ ಡಾಕ್ಟರ ಕಡೀವರು, ಮಾಸ್ತರು ಎಲ್ಲಾರೂ ಇದ್ದೀರಿ ಅಂತ ಧೈರ್ಯ ಮಾಡಿ ಬರೀಲತ್ತೀನಿ.

ನಮ್ಮಪ್ಪ ಗಂಜಿನ್ಯಾಗ, ಅಂದ್ರ ಕಾಳಿನ ಮಾರ್ಕೆಟಿನ್ಯಾಗ, 30 ವರ್ಷ ಹಮಾಲಿ ಮಾಡಿದವರು. ತೊಗರಿ ಸುಗ್ಗಿ ಬಂತಂದ್ರ ಮುಂಜಾನಿಂದ ಸಂಜಿತನಕ ಬೆನ್ನ ಮ್ಯಾಲ ಚೀಲ. ಐದು ತಿಂಗಳ ಹಿಂದ ಲಕ್ವಾ ಹೊಡೀತು. ಬಲಗೈ, ಬಲಗಾಲು ಹೋಯ್ತು, ಮಾತೂ ಪೂರಾ ಬರಲ್ಲ. ಮೊದಲ ಎರಡು ವಾರ ಕೈ ಒದ್ದಿ ಅರಿವಿ ಹಂಗ ಜೋತು ಬಿದ್ದಿತ್ತು. ಆಮ್ಯಾಲ ಒಂದೊಂದೇ ದಿನ ಬಿಗೀಲತ್ತಿತು. ಅಪ್ಪಗ ಶಕ್ತಿ ವಾಪಸ್ ಬರ್ಲತ್ತದ ಅಂತ ನಾವು ಖುಷಿಪಟ್ಟು ಶರಣಬಸವೇಶ್ವರ ಗುಡಿಗಿ ಹೋಗಿ ಕಾಯಿ ಒಡಿಸಿ ಬಂದೀವಿ. ಈಗ ನೋಡಿದ್ರ ಮೊಣಕೈ ಮಡಚಿ ಎದಿಗಿ ಅಂಟಿಕೊಂಡದ, ಮುಷ್ಟಿ ಬಿಚ್ಚಲ್ಲ.

ನನಗ ತಿಳೀಲಾರದ್ದು ಏನಂದ್ರ, ನನ್ನ ತಮ್ಮ ಜೋರಾಗಿ ಎಳೆದು ಕೈ ನೀಟ ಮಾಡ್ಲಕ ಹೋದ್ರ ಅದು ಇನ್ನಾ ಗಟ್ಟಿ ಆಗ್ತದ. ಬಿಟ್ಟ ಕೂಡ್ಲೆ ರಬ್ಬರಿನಂಗ ವಾಪಸ್. ಅವ್ವ ರಾತ್ರಿ ಊಟ ಆದಮ್ಯಾಲ ಬಾಜೂಕ ಕೂತು, ಆ ಕೈ ತನ್ನ ತೊಡಿ ಮ್ಯಾಲ ಇಟ್ಕೊಂಡು, ಸಣ್ಣ ಧ್ವನಿಲೇ ವಚನ ಹಾಡಿಕೋತ ಸಾವಕಾಶ ಬಿಚ್ಚತಾಳ. ಬಿಚ್ಚತದ! ತಮ್ಮ ಅಂತಾನ, "ಅಪ್ಪ ಬೇಕಂತಲೇ ಮಾಡ್ತಾರ, ಅವ್ವನ ಮುಂದ ಸಡಲ ಬಿಡ್ತಾರ, ನಂದು ಬಂದ್ರ ಹಟ ಹಿಡೀತಾರ." ಇನ್ನೊಂದು, ಎತ್ತಲಾರದ ಕೈ ಅಪ್ಪ ಆಕಳಿಸಿದಾಗ ತಾನೇ ಮ್ಯಾಲ ಏಳ್ತದ. ಅದನ್ನ ನೋಡಿದ ಮ್ಯಾಲಂತೂ ತಮ್ಮನ ಅನುಮಾನ ಖಾಯಂ ಆಗ್ಯಾದ. ನಿನ್ನೆ ಅವ ಬೈದ, ಅಪ್ಪ ಅತ್ತರು.

ಕಾಲಿನದೂ ಒಂದು ಹೇಳ್ತೀನಿ. ಕುರ್ಚಿ ಮ್ಯಾಲ ಕೂಡಿಸಿ ಪಾದ ಫರ್ಸಿಗಿ ಊರಿಸಿದ್ರ ಹಿಮ್ಮಡಿ ಟಕಟಕ ಬಡೀಲಕ ಶುರು ಆಗ್ತದ, ನಿಲ್ಲೋದೇ ಇಲ್ಲ. ಮತ್ತ ಹೋದ ವಾರದಿಂದ ಎಲ್ಲಾನೂ ಏಕದಂ ಜಾಸ್ತಿ ಆಗ್ಯಾದ. ಬಿಗಿ ಆಗ್ಲಕ ಬಿಡಬ್ಯಾಡ್ರಿ, ದಿನಾ ಜೋರಾಗಿ ಎಳೀರಿ ಅಂತ ಮೊದಲು ತೋರಿಸಿದ ಒಂದು ಕಡಿ ಹೇಳಿದ್ರು. ಅದನ್ನೇ ಮಾಡ್ಲತ್ತೀವಿ.

ಅಪ್ಪ ಖರೇನೇ ಬೇಕಂತ ಮಾಡ್ತಾರೇನ್ರಿ?

ಬೀದರ ಫಿಜಿಯೋ
ಭಾನುವಾರ ರಾತ್ರಿ 10:25

ತಂಗಿ, ಮೊದಲು ತಮ್ಮನ್ನ ಬಾಜೂಕ ಕೂಡಿಸಿಕೊಂಡು ಇದನ್ನ ಓದಿಸು. ನಿಮ್ಮಪ್ಪ ಬೇಕಂತ ಮಾಡ್ಲತ್ತಿಲ್ಲ. ಅವರಿಗಿ ಆ ಕೈ ಬಿಗಿ ಮಾಡ್ಲಕ್ಕೂ ಬರಲ್ಲ, ಸಡಲ ಬಿಡ್ಲಕ್ಕೂ ಬರಲ್ಲ. ಬಿಗಿ ಮಾಡ್ಲತ್ತಿದ್ದು ಬೆನ್ನುಹುರಿ.

ನಮ್ಮ ಒಂದೊಂದು ಸ್ನಾಯುವಿನೊಳಗೂ ಕದಿರಿನ ಆಕಾರದ ಸಣ್ಣ ಸಣ್ಣ ಅಂಗ ಅವ. ನಡು ದಪ್ಪ, ಎರಡೂ ತುದಿ ಸಣ್ಣ, ನೂಲು ಸುತ್ತಿದ ಕದಿರು ಇದ್ದಂಗ. ಸ್ಪಿಂಡಲ್ ಅಂತೀವಿ. ಸ್ನಾಯು ಎಷ್ಟು ಉದ್ದ ಆಯ್ತು ಅನ್ನೋದನ್ನ ಅದು ಅಳೀತದ, ಎಷ್ಟು ಜಲ್ದಿ ಉದ್ದ ಆಗ್ಲತ್ತದ ಅನ್ನೋದನ್ನೂ ಅಳೀತದ. ಜಲ್ದಿ ಎಳೆದ್ರಿ ಅಂದ್ರ ಅದರಿಂದ ನರದಾಗ ಸುದ್ದಿಯ ಮಳಿ ಸುರೀತದ. ಸುದ್ದಿ ಬೆನ್ನುಹುರಿಗಿ ಹೋಗಿ ಅಲ್ಲಿಂದಲೇ "ಬಿಗಿ" ಅಂತ ವಾಪಸ್ ಹುಕುಂ ಬರ್ತದ. ಮಿದುಳಿನ ತನ ಹೋಗೋ ಮಾತೇ ಇಲ್ಲ.

ಇದು ನನ್ನಾಗ, ನಿನ್ನಾಗ, ಎಲ್ಲಾರಾಗೂ ಅದ. ಆದ್ರ ಮಿದುಳಿನಿಂದ ಕೆಳಗ ಇಳಿಯೋ ದಾರಿಗಳು ಇದರ ಲಗಾಮು ಹಿಡ್ಕೊಂಡಿರ್ತಾವ. ಲಕ್ವಾದಾಗ ಆ ದಾರಿ ಕಡೀತು. ಸುರುವಿಗಿ ಬೆನ್ನುಹುರಿನೂ ಸುಮ್ಮ ಆಗಿ ಕೈ ಜೋತು ಬೀಳ್ತದ. ವಾರಗಳು ಕಳೆದಂಗ ಅದು ಎಚ್ಚರ ಆಗ್ತದ, ಲಗಾಮು ಹಿಡಿಯೋರು ಇರಲ್ಲ. ಆಗ ಸಣ್ಣ ಎಳೆತಕ್ಕೂ ದೊಡ್ಡ ಉತ್ತರ. ನಿಮ್ಮ ತಮ್ಮ ಎಳೆಯೋದು ಜೋರು, ಅವ್ವ ಎಳೆಯೋದು ಸಾವಕಾಶ. ಫರಕು ಅಷ್ಟೇ ತಂಗಿ, ಅದರಾಗ ಪ್ರೀತಿ ಹೆಚ್ಚು ಕಡಿಮಿ ಅನ್ನೋದೇನಿಲ್ಲ.

ಆಕಳಿಕಿದೂ ಹಂಗೇ. ಲಕ್ವಾ ಆದವರಾಗ ಆಕಳಿಸಿದಾಗ ಕೈ ತಾನೇ ಏಳೋದು ಡಾಕ್ಟರಿಗಿ ಗೊತ್ತಿದ್ದ ಮಾತು. ಮನಸ್ಸಿನಿಂದ ಕೈ ಎತ್ತೋ ದಾರಿ ಬ್ಯಾರೆ, ಆಕಳಿಕಿ ಬರೋ ದಾರಿ ಬ್ಯಾರೆ. ಒಂದು ಮುರಿದದ, ಇನ್ನೊಂದು ಉಳಿದದ. ಕೆಮ್ಮಿದಾಗ, ಸೀನಿದಾಗ, ಸಿಟ್ಟು ಬಂದಾಗ ಸುದಾ ಬಿಗಿ ಏರ್ತದ. ಅವರನ್ನ ಬೈದು ಎಳೆದ್ರ ಕೈ ಇನ್ನಷ್ಟು ಮಡಚತದ, ಖಾತ್ರಿ.

ಮುಷ್ಟಿ ಬಿಚ್ಚೋದು ಹ್ಯಾಂಗಂದ್ರ, ನೇರ ಬೆರಳಿಗಿ ಕೈ ಹಾಕಬ್ಯಾಡ್ರಿ. ಮಣಿಕಟ್ಟು ಒಳಮುಖ ಸ್ವಲ್ಪ ಮಡಚರಿ. ಬೆರಳು ಮಡಚೋ ಸ್ನಾಯುರಜ್ಜುಗಳು (ಸ್ನಾಯುವನ್ನ ಮೂಳಿಗಿ ಕೂಡಿಸೋ ಹಗ್ಗ ಇದ್ದಂಗ) ಮಣಿಕಟ್ಟಿನ ಮ್ಯಾಲಿಂದಲೇ ಹಾದು ಹೋಗ್ತಾವ, ಅಲ್ಲಿ ಮಡಚಿದ್ರ ಅವಕ್ಕ ಸಡಲು ಸಿಗ್ತದ. ಆಮ್ಯಾಲ ಹೆಬ್ಬೆರಳು ಹೊರಗ ತಗೀರಿ, ಆಮ್ಯಾಲ ಉಳಿದ ಬೆರಳು. ಕಡೀಗಿ ಮಣಿಕಟ್ಟು ಸಾವಕಾಶ ಎತ್ರಿ. ನಡುವ ಬಿಗಿ ಬಂತಂದ್ರ ಅಲ್ಲೇ ನಿಲ್ರಿ, ಜಗಳ ತಗೀಬ್ಯಾಡ್ರಿ. ಹತ್ತು ಎಣಿಸೋದ್ರಾಗ ತಾನೇ ಇಳೀತದ. ಮತ್ತ ಆ ಕೈ ಹಿಡಿದು ಎಳೆದು ಅವರನ್ನ ಹಾಸಿಗಿಂದ ಎಬ್ಬಿಸಬ್ಯಾಡ್ರಿ, ಹೆಗಲಿನ ಕೀಲು ಹೋಗ್ತದ.

ಶಹಾಬಾದಿ ಫರ್ಸಿ
ಭಾನುವಾರ ರಾತ್ರಿ 11:02

ಅಕ್ಕಾ, ನಮ್ಮ ಕಾಕಾಗೂ ಹಿಂಗೇ ಆಗಿತ್ತು, ಖಣಿದಾಗ ಕಲ್ಲು ಕಡಿಯೋರು. ಪಾರಿವಾಳದ ರಕ್ತ ಬಿಸಿ ಇರುವಾಗಲೇ ತಿಕ್ಕರಿ ಅಂತ ಊರಾಗ ಹೇಳಿದ್ರು, ತಿಕ್ಕಿದೀವಿ. ಇಟ್ಟಿಗಿ ಕಾಸಿ ಅರಿವ್ಯಾಗ ಸುತ್ತಿ ಕಾವು ಕೊಟ್ಟೀವಿ. ಕಾವಿಗಿ ಸ್ವಲ್ಪ ಆರಾಮ ಅನ್ನಿಸ್ತಿತ್ತು.

ಬೀದರ ಫಿಜಿಯೋ
ಭಾನುವಾರ ರಾತ್ರಿ 11:15

ತಮ್ಮಾ, ಕಾಕಾನ ಸಲುವಾಗಿ ಕೈಲಾದದ್ದು ಮಾಡೀರಿ. ಆದ್ರ ಓದೋ ಎಲ್ಲಾರಿಗೂ ಕೈ ಮುಗಿದು ಹೇಳ್ತೀನಿ, ರಕ್ತ ತಿಕ್ಕೋದ್ರಿಂದ ಬೆನ್ನುಹುರಿಗಿ ಏನೂ ಮುಟ್ಟಲ್ಲ. ಇಟ್ಟಿಗಿ ಕಾವಂತೂ ಬ್ಯಾಡೇ ಬ್ಯಾಡ. ಲಕ್ವಾ ಆದ ಕಡಿ ಸುಟ್ಟರೂ ಗೊತ್ತಾಗದಂಗ ಇರ್ತದ. ಚರ್ಮ ಸುಟ್ಟು ಗಾಯ ಆಗಿ ಬಂದವರನ್ನ ನಾ ನೋಡೀನಿ. ಉಗುರು ಬೆಚ್ಚಗಿನ ಎಣ್ಣಿ, ಮೆತ್ತಗಿನ ಕೈ, ಅಷ್ಟು ಸಾಕು.

ಮಾಸ್ತರ, ಯಾದಗಿರಿ
ಸೋಮವಾರ ಬೆಳಿಗ್ಗೆ 6:30

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು ನಾನು. ಫಿಜಿಯೋ ಅವರು ಹೇಳಿದ್ದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಈ ಮನೆಯವರ ತಕಲೀಫಿಗೆ ಒಳಗಿನ ರಚನೆ ಗೊತ್ತಾದರೆ ಧೈರ್ಯ ಬರುತ್ತದೆ ಎಂದು ನನ್ನ ನಂಬಿಕೆ.

ಒಂದು ಸ್ಪಿಂಡಲ್ ಉದ್ದ 3ರಿಂದ 10 ಮಿಲಿಮೀಟರ್. ಒಳಗೆ 3ರಿಂದ 12 ತೆಳ್ಳನೆಯ ವಿಶೇಷ ಸ್ನಾಯು ಎಳೆಗಳಿರುತ್ತವೆ. ಭಾರ ಎತ್ತುವ ದೊಡ್ಡ ಎಳೆಗಳ ಪಕ್ಕದಲ್ಲಿ, ಅವುಗಳಿಗೆ ಸಮಾನಾಂತರವಾಗಿ ಇದು ಮಲಗಿರುತ್ತದೆ. ಹೀಗಾಗಿ ಸ್ನಾಯು ಉದ್ದವಾದರೆ ಇದೂ ಉದ್ದವಾಗುತ್ತದೆ. ಇದರ ನಡುವಿಗೆ ಸುತ್ತಿಕೊಂಡ ನರದ ತುದಿಯಿಂದ ಸುದ್ದಿ ಹೊರಡುತ್ತದೆ. ಆ ನರ ನಮ್ಮ ದೇಹದ ಅತಿ ವೇಗದ ನರಗಳಲ್ಲೊಂದು, ಸೆಕೆಂಡಿಗೆ 70ರಿಂದ 120 ಮೀಟರ್. 100 ಮೀಟರ್ ಎಂದೇ ಹಿಡಿಯಿರಿ, ಗಂಟೆಗೆ 360 ಕಿಲೋಮೀಟರ್ ಆಯಿತು. ಕಲಬುರಗಿಯಿಂದ ಬೆಂಗಳೂರಿಗೆ ಹೋಗುವ ವಂದೇ ಭಾರತ್ ರೈಲಿನ ವೇಗ ಇದರ ಅರ್ಧದಷ್ಟೂ ಇಲ್ಲ.

ಆ ನರ ಬೆನ್ನುಹುರಿಯೊಳಗೆ ಹೋಗಿ ಅದೇ ಸ್ನಾಯುವಿನ ಚಾಲಕ ನರಕೋಶವನ್ನು, ಅಂದರೆ ಸ್ನಾಯುವಿಗೆ "ಬಿಗಿ" ಎಂದು ಹುಕುಂ ಕಳಿಸುವ ಕೋಶವನ್ನು, ನೇರವಾಗಿ ಮುಟ್ಟುತ್ತದೆ. ಮಧ್ಯೆ ಇನ್ನೊಂದು ಕೋಶವಿಲ್ಲ, ನರಕ್ಕೆ ನರ ಕೂಡುವ ಜಾಗ ಒಂದೇ. ಡಾಕ್ಟರು ಮಂಡಿಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕಾಲು ಜಿಗಿಯುವುದು ಇದರಿಂದಲೇ. ತಟ್ಟಿದಾಗ ರಜ್ಜು ಒಂದಿಷ್ಟು ತಗ್ಗಿ ತೊಡೆಯ ಮುಂಭಾಗದ ಸ್ನಾಯು ಎಳೆಯಲ್ಪಡುತ್ತದೆ. ಸುಮಾರು 20 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಅದೇ ಸ್ನಾಯುವಿಗೆ ಉತ್ತರ ಬಂದಿರುತ್ತದೆ. ನೀವು ಯೋಚಿಸಿ ಕಾಲು ಎತ್ತಬೇಕೆಂದರೆ ಅದರ ಐದಾರು ಪಟ್ಟು ಸಮಯವಾದರೂ ಬೇಕು. ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ 1875ರಲ್ಲಿ ಬೇರೆಬೇರೆಯಾಗಿ ಇದನ್ನು ಬರೆದಿಟ್ಟರು. ಇಂಗ್ಲೆಂಡಿನ ಶೆರಿಂಗ್ಟನ್ ಅದರ ಬೇರು ಬಿಡಿಸಿದರು. ಒಂದು ಸ್ನಾಯು ಬಿಗಿಯಾದಾಗ ಅದರ ಎದುರಿನ ಸ್ನಾಯುವಿಗೆ "ಸಡಿಲು ಬಿಡು" ಎಂಬ ಸುದ್ದಿ ಬೆನ್ನುಹುರಿಯಲ್ಲೇ ಹೋಗುತ್ತದೆಂದು ತೋರಿಸಿದವರೂ ಅವರೇ. 1932ರಲ್ಲಿ ಅವರಿಗೂ ಏಡ್ರಿಯನ್ ಅವರಿಗೂ ನೊಬೆಲ್ ಬಂತು.

ನಾನು ತರಗತಿಯಲ್ಲಿ ಒಂದು ಮಾಡಿಸುತ್ತೇನೆ. ಹುಡುಗನನ್ನು ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿ ಮಂಡಿ ತಟ್ಟುತ್ತೇನೆ. ಆಮೇಲೆ ಎರಡೂ ಕೈಬೆರಳು ಕೊಂಡಿಹಾಕಿ ಜೋರಾಗಿ ಜಗ್ಗು ಎಂದು ಹೇಳಿ ಮತ್ತೆ ತಟ್ಟುತ್ತೇನೆ. ಕಾಲು ಮೊದಲಿಗಿಂತ ಎತ್ತರ ಜಿಗಿಯುತ್ತದೆ. ಕೈ ಬಿಗಿಯಾದದ್ದಕ್ಕೆ ಕಾಲಿನ ಉತ್ತರ ಜೋರಾಯಿತು. ಯೆಂದ್ರಾಸಿಕ್ ಎಂಬ ಹಂಗೇರಿಯ ವೈದ್ಯರ ಹೆಸರಿನಿಂದ ಕರೆಯುವ ಉಪಾಯ ಇದು. ಆರೋಗ್ಯವಂತ ಹುಡುಗನ ಮೈಯೇ ಹೀಗಿರುವಾಗ, ಸಿಟ್ಟು ಸಂಕಟ ತುಂಬಿದ ತಂದೆಯ ಕೈ ಬಿಗಿಯದೆ ಇನ್ನೇನಾದೀತು?

ಹಿಮ್ಮಡಿ ಬಡಿಯುವುದೂ ಇದೇ ಸರಪಳಿ. ಪಾದ ಊರಿದಾಗ ಮೀನಖಂಡ ಎಳೆಯಲ್ಪಟ್ಟಿತು, ಸ್ಪಿಂಡಲ್ ಸುದ್ದಿ ಕಳಿಸಿತು, ಮೀನಖಂಡ ಬಿಗಿಯಿತು, ಹಿಮ್ಮಡಿ ಎದ್ದಿತು. ಬಿಗಿ ಇಳಿದು ಹಿಮ್ಮಡಿ ಕೆಳಗೆ ಬಂದಾಗ ಮತ್ತೆ ಎಳೆತ, ಮತ್ತೆ ಸುದ್ದಿ. ಸೆಕೆಂಡಿಗೆ 5ರಿಂದ 8 ಸಲ ಈ ಸುತ್ತು ತಿರುಗುತ್ತದೆ. ಕ್ಲೋನಸ್ ಎನ್ನುತ್ತಾರೆ. ಚಳಿಯಿಂದ ಅಥವಾ ಹೆದರಿಕೆಯಿಂದ ಬರುವ ನಡುಕ ಇದಲ್ಲ. ಪಾದದ ಮುಂಭಾಗವನ್ನು ಸ್ವಲ್ಪ ಕೆಳಮುಖ ಮಾಡಿ ಎಳೆತ ತೆಗೆದರೆ ನಿಲ್ಲುತ್ತದೆ.

ಗಂಜಿನ ಮಗಳು, ಕಲಬುರಗಿ
ಸೋಮವಾರ ಮಧ್ಯಾಹ್ನ 1:10

ಸರ್, ಮುಂಜಾನಿ ಹಂಗೇ ಮಾಡಿ ನೋಡಿದೆ. ಪಾದ ಕೆಳಮುಖ ಮಾಡಿದ ಕೂಡ್ಲೆ ಬಡಿಯೋದು ನಿಂತಿತು. ಅಪ್ಪನೇ ನನ್ನ ಮುಖ ನೋಡಿದ್ರು. ಐದು ತಿಂಗಳಿಂದ ನಾವು ಆ ಕಾಲಿನ ಮ್ಯಾಲ ಚಾದರ ಹೊದಿಸ್ತಿದ್ದೀವಿ, ಚಳಿ ಅಂತ. ಈ ಕಲಬುರಗಿ ಬಿಸಿಲಾಗ!

ತಾಲೀಮ್ ಉಸ್ತಾದ್
ಸೋಮವಾರ ಸಂಜೆ 7:20

ನಾ ಡಾಕ್ಟರ್ ಅಲ್ಲ, ಆಳಂದ ಕಡಿ ಹುಡುಗರಿಗಿ ಕುಸ್ತಿ ಕಲಿಸ್ತೀನಿ. ಆದ್ರ ಇದರ ಬಗ್ಗೆ ನನಗೂ ಗೊತ್ತದ. ಸ್ನಾಯು ಮೂಳಿಗಿ ಕೂಡೋ ಕಡಿ ಇನ್ನೊಂದು ಅಂಗ ಅದ, ಗಾಲ್ಜಿ ಅಂತಾರ. ಭಾಳ ಭಾರ ಬಿತ್ತಂದ್ರ ರಜ್ಜು ಹರಿಯಬಾರದು ಅಂತ ಅದು ಸ್ನಾಯುವನ್ನ ಏಕದಂ ಬಂದ್ ಮಾಡ್ತದ. ಜಾತ್ರ್ಯಾಗ ಕಲ್ಲು ಎತ್ತೋ ಪೈಲ್ವಾನರ ಕೈ ಕಡೀ ಗಳಿಗಿದಾಗ ತಟ್ಟನೆ ಬಿಡ್ತದಲ್ಲ, ಅದೇ. ನಾ ಹುಡುಗರಿಗಿ 30 ಸೆಕೆಂಡ್ ಎಳೆದು ಹಿಡೀರಿ, ಗಾಲ್ಜಿ ಎಚ್ಚರ ಆಗಿ ಸ್ನಾಯು ಸಡಲ ಆಗ್ತದ ಅಂತ ಹೇಳ್ತೀನಿ. ಹಂಗಾದ್ರ ಅಪ್ಪನ ಕೈನೂ ಪೂರಾ ಜೋರು ಹಾಕಿ ಎಳೆದು ಹಿಡಿದ್ರ ಗಾಲ್ಜಿ ಬಂದು ಬಿಡಿಸಬೇಕಲ್ಲ? ಸಾವಕಾಶ ಯಾಕ?

ಮಾಸ್ತರ, ಯಾದಗಿರಿ
ಸೋಮವಾರ ರಾತ್ರಿ 9:05

ಉಸ್ತಾದರೇ, ನಿಮ್ಮ ಪ್ರಶ್ನೆ ಒಳ್ಳೆಯದು. ನೀವು ಹೇಳಿದ್ದು ಎಷ್ಟೋ ವರ್ಷ ಪಠ್ಯಪುಸ್ತಕಗಳಲ್ಲಿ ಹಾಗೇ ಇತ್ತು, ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ಈಗ ಅದನ್ನು ತಿದ್ದಿಕೊಳ್ಳಬೇಕಾಗಿದೆ.

ಇಟಲಿಯ ಕಮಿಲೊ ಗಾಲ್ಜಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಕಂಡ ಅಂಗ ಅದು. ಸ್ನಾಯು ಮತ್ತು ರಜ್ಜು ಕೂಡುವ ಜಾಗದಲ್ಲಿರುತ್ತದೆ. ಸ್ಪಿಂಡಲ್ ಸ್ನಾಯುವಿನ ಪಕ್ಕದಲ್ಲಿ ಮಲಗಿದ್ದರೆ ಇದು ಸ್ನಾಯುವಿನ ಸಾಲಿನಲ್ಲೇ, ತುದಿಗೆ ಪೋಣಿಸಿದಂತೆ ಇದೆ. ಆದ್ದರಿಂದ ಸ್ಪಿಂಡಲ್ಲಿಗೆ ಉದ್ದ ತಿಳಿಯುತ್ತದೆ, ಇದಕ್ಕೆ ಜಗ್ಗುವ ಬಲ ತಿಳಿಯುತ್ತದೆ.

ಇದನ್ನು ದೊಡ್ಡ ಅಪಾಯ ಬಂದಾಗ ಮಾತ್ರ ಏಳುವ ಅಂಗ ಎಂದುಕೊಂಡಿದ್ದೇ ನಾವು ಮಾಡಿದ ತಪ್ಪು. ಒಂದೊಂದು ಗಾಲ್ಜಿ ಅಂಗಕ್ಕೆ ಸುಮಾರು 10ರಿಂದ 20 ಸ್ನಾಯು ಎಳೆಗಳು ಜೋಡಿಕೊಂಡಿರುತ್ತವೆ. ಒಂದೇ ಒಂದು ಚಾಲಕ ನರದ ಎಳೆಗಳು ಬಿಗಿದರೂ ಸಾಕು, ಅದಕ್ಕೆ ತಿಳಿಯುತ್ತದೆ. ಅಂದರೆ ಚಹಾದ ಲೋಟ ಎತ್ತುವಾಗಲೂ ಅದು ಸುದ್ದಿ ಕಳಿಸುತ್ತಲೇ ಇರುತ್ತದೆ. ಆ ಸುದ್ದಿ ಬೆನ್ನುಹುರಿಯ ನಡುಕೋಶಗಳ ಮೂಲಕ ಅದೇ ಸ್ನಾಯುವನ್ನು ಸ್ವಲ್ಪ ತಗ್ಗಿಸುತ್ತದೆ. ಬಲ ಹದವಾಗಿ ಹಂಚಿಹೋಗಲು ಇದು ಬೇಕು. ಇನ್ನೊಂದು ಸೋಜಿಗ: ಬೆಕ್ಕುಗಳ ಮೇಲಿನ ಪ್ರಯೋಗದಲ್ಲಿ, ನಡೆಯುವಾಗ ಕಾಲು ನೆಲಕ್ಕೂರಿ ಮೈಭಾರ ಹೊತ್ತ ಹೊತ್ತಿನಲ್ಲಿ ಇದೇ ಸುದ್ದಿ ಸ್ನಾಯುವನ್ನು ತಗ್ಗಿಸುವ ಬದಲು ಇನ್ನಷ್ಟು ಬಿಗಿಸುವುದು ಕಂಡಿದೆ. ನಿಂತಾಗ ಒಂದು, ನಡೆಯುವಾಗ ಒಂದು. ಬೆನ್ನುಹುರಿ ಕೆಲಸ ನೋಡಿ ಉತ್ತರ ಬದಲಿಸುತ್ತದೆ.

ಇನ್ನು 30 ಸೆಕೆಂಡಿನ ಮಾತು. ಸುಮ್ಮನೆ ಎಳೆದು ಹಿಡಿದಾಗ ಗಾಲ್ಜಿ ಅಷ್ಟು ಎಚ್ಚರವಾಗುವುದಿಲ್ಲ. ಸಡಿಲವಾಗಿರುವ ಸ್ನಾಯು ಎಳೆಗಳೇ ಹಿಗ್ಗಿ ಎಳೆತವನ್ನು ನುಂಗುತ್ತವೆ, ಗಟ್ಟಿ ರಜ್ಜಿಗೆ ತಲುಪುವುದು ಕಡಿಮೆ. ಸ್ನಾಯು ತಾನೇ ಬಿಗಿದಾಗಲೇ ಅದಕ್ಕೆ ಹೆಚ್ಚು ಪ್ರಚೋದನೆ. ಆ ತಗ್ಗಿಸುವ ಪರಿಣಾಮವೂ ಬಿಗಿ ಬಿಟ್ಟ ಕೂಡಲೇ ಮುಗಿದುಹೋಗುತ್ತದೆ. ನಿಮ್ಮ ಹುಡುಗರ ಮೈ ಬಗ್ಗುವುದು ಖರೆ, ನಿಮ್ಮ ಪದ್ಧತಿ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಬಹುಪಾಲು, ಎಳೆತದ ನೋವನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚುವುದು.

ಲಕ್ವಾದ ಕೈಯನ್ನು ಬಲವಾಗಿ ಎಳೆಯುತ್ತ ಹೋದಾಗ ಒಂದು ಹಂತದಲ್ಲಿ ಮಡಿಚುವ ಚಾಕುವಿನಂತೆ ತಟ್ಟನೆ ಸಡಿಲುವುದುಂಟು. ಅದನ್ನೂ ಹಿಂದೆ ಗಾಲ್ಜಿ ಲೆಕ್ಕಕ್ಕೇ ಹಾಕುತ್ತಿದ್ದರು. ಈಗ ಅದಕ್ಕೆ ಬೇರೆ ನರತುದಿಗಳ ಕೆಲಸವೇ ಹೆಚ್ಚು ಎಂದು ತಿಳಿದಿದೆ. ಅದನ್ನು ನಂಬಿ ಜೋರು ಹಾಕಿದರೆ, ಸಡಿಲು ಬರುವ ಮೊದಲೇ ಕೀಲಿಗೆ ಪೆಟ್ಟಾಗುತ್ತದೆ.

ತಾಲೀಮ್ ಉಸ್ತಾದ್
ಸೋಮವಾರ ರಾತ್ರಿ 9:50

ತಿದ್ದಿದ್ದಕ್ಕ ಶರಣು ಸರ್. ನಾಳೆ ಹುಡುಗರಿಗೂ ಹೇಳ್ತೀನಿ.

ಬಿದರಿ ಕೆಲಸದವ
ಮಂಗಳವಾರ ಬೆಳಿಗ್ಗೆ 8:15

ನಾ ಬೀದರದಾಗ ಬಿದರಿ ಕೆತ್ತೋ ಕೆಲಸದವ. ಸತು ತಾಮ್ರ ಕೂಡಿಸಿ ಎರಕ ಹೊಯ್ದ ಹೂದಾನಿ ಮ್ಯಾಲ ಉಳಿಲೇ ಬಳ್ಳಿ ತಗೀತೀವಿ, ಆಮ್ಯಾಲ ಆ ಗೆರಿದಾಗ ಬೆಳ್ಳಿ ತಂತಿ ಕೂಡಿಸಿ ಬಡೀತೀವಿ. ಗೆರಿ ಒಂದಿಷ್ಟು ಆಳ ಆದ್ರೂ ತಂತಿ ಮುಳುಗ್ತದ, ಕಡಿಮಿ ಆದ್ರ ತಂತಿ ನಿಲ್ಲಲ್ಲ. ಎಷ್ಟು ಒತ್ತಬೇಕು ಅಂತ ಕಣ್ಣಿಗಿ ತಿಳೀಲ್ಲ, ಕೈಗೇ ತಿಳೀತದ. ನನ್ನ ಪ್ರಶ್ನೆ, ಕೈಗಿ ಹ್ಯಾಂಗ ತಿಳೀತದ? ಸ್ನಾಯು ಮಡಚಿ ಗಿಡ್ಡ ಆದಾಗ ಒಳಗಿನ ಆ ಕದಿರೂ ಸಡಲ ಆಗಿ ಸುದ್ದಿ ನಿಲ್ಲಬೇಕಲ್ಲ?

ಮಾಸ್ತರ, ಯಾದಗಿರಿ
ಮಂಗಳವಾರ ಸಂಜೆ 6:40

ಎಂಥ ಪ್ರಶ್ನೆ ಕೇಳಿದಿರಿ! ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಕೇಳುವವರು ಅಪರೂಪ.

ನೀವು ಊಹಿಸಿದ್ದು ಸರಿ, ಹಾಗೆಯೇ ಬಿಟ್ಟರೆ ಸುದ್ದಿ ನಿಂತುಹೋಗುತ್ತದೆ. ಹಾಗಾಗದಂತೆ ಒಂದು ವ್ಯವಸ್ಥೆ ಇದೆ. ನಮ್ಮ ಕಡೆ ಹಗ್ಗದ ಹೊರಸು ನೋಡಿದ್ದೀರಲ್ಲ. ಮಲಗಿ ಮಲಗಿ ಜೋತು ಬಿದ್ದಾಗ ಕಾಲ ಕಡೆಯ ಹಗ್ಗ ಜಗ್ಗಿ ಬಿಗಿ ಮಾಡುತ್ತಾರೆ. ಸ್ಪಿಂಡಲ್ಲಿನ ಒಳ ಎಳೆಗಳ ಎರಡೂ ತುದಿಗೆ ಬೆನ್ನುಹುರಿಯಿಂದ ಬೇರೆಯೇ ನರಗಳು ಬರುತ್ತವೆ, ಅವಕ್ಕೆ ಗಾಮಾ ನರ ಎಂದು ಹೆಸರು. ದೊಡ್ಡ ಎಳೆಗಳಿಗೆ "ಬಿಗಿ" ಎಂಬ ಹುಕುಂ ಹೊರಟಾಗ ಜೊತೆಗೇ ಈ ಗಾಮಾ ನರಗಳಿಗೂ ಹೋಗುತ್ತದೆ. ತುದಿಗಳು ಬಿಗಿದು ನಡುವನ್ನು ಎಳೆದಿಡುತ್ತವೆ. ಹಾಗಾಗಿ ಸ್ನಾಯು ಗಿಡ್ಡವಾದರೂ ಸ್ಪಿಂಡಲ್ ಜೋತು ಬೀಳುವುದಿಲ್ಲ. ನಿಮ್ಮ ಬೆರಳು ಉಳಿ ಹಿಡಿದು ಒಂದು ಕೂದಲೆಳೆಯಷ್ಟು ಸರಿದರೂ ಸುದ್ದಿ ತಪ್ಪುವುದಿಲ್ಲ. ಕೈಯ ಸಣ್ಣ ಸ್ನಾಯುಗಳಲ್ಲಿ ಮತ್ತು ಕತ್ತಿನ ಆಳದ ಸ್ನಾಯುಗಳಲ್ಲಿ ಸ್ಪಿಂಡಲ್ಲುಗಳು ಬಹಳ ಒತ್ತಾಗಿವೆ.

ನರದ ತುದಿ ಎಳೆತವನ್ನು ವಿದ್ಯುತ್ ಸುದ್ದಿಯಾಗಿ ಮಾಡುವುದು ಹೇಗೆ ಎಂಬುದು ಎಷ್ಟೋ ಕಾಲ ಗೊತ್ತಿರಲಿಲ್ಲ. ಪಿಯೆಜೋ-2 ಎಂಬ ಪ್ರೋಟೀನು ಆ ತುದಿಯ ಪೊರೆಯಲ್ಲಿ ಬಾಗಿಲಿನಂತೆ ಕೂತಿರುತ್ತದೆ, ಪೊರೆ ಎಳೆದಾಗ ತೆರೆಯುತ್ತದೆ. ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಪಿಯೆಜೋ ಪ್ರೋಟೀನುಗಳನ್ನು ಕಂಡುಹಿಡಿಯಿತು, 2021ರಲ್ಲಿ ಡೇವಿಡ್ ಜೂಲಿಯಸ್ ಜೊತೆ ಅವರಿಗೆ ನೊಬೆಲ್ ಬಂತು. ಹುಟ್ಟಿನಿಂದಲೇ ಪಿಯೆಜೋ-2 ಕೆಲಸ ಮಾಡದವರು ಇದ್ದಾರೆ. ಕಣ್ಣು ತೆರೆದಿದ್ದರೆ ಅವರು ಹೇಗೋ ನಡೆಯುತ್ತಾರೆ, ಕಣ್ಣು ಕಟ್ಟಿದರೆ ತಡವರಿಸಿ ಬೀಳುತ್ತಾರೆ. ಕೈ ಕಾಲು ಎಲ್ಲಿವೆ ಎಂದೇ ಅವರಿಗೆ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಮಾತಾಡುತ್ತ, ಒಲೆಯ ಕಡೆ ಕಣ್ಣಿಟ್ಟು, ಕೈ ನೋಡದೆ ಜೋಳದ ರೊಟ್ಟಿ ಬಡಿಯುತ್ತಾರೆ. ಅಷ್ಟು ತೆಳ್ಳಗೆ, ಅಷ್ಟು ದುಂಡಗೆ. ಅದರ ಹಿಂದೆ ಇಷ್ಟೆಲ್ಲ ಇದೆ.

ಗಂಜಿನ ಮಗಳು, ಕಲಬುರಗಿ
ಮಂಗಳವಾರ ರಾತ್ರಿ 9:30

ಸರ್, ಅಪ್ಪ ಚೀಲದ ಬಗ್ಗೆ ಒಂದು ಹೇಳ್ತಿದ್ರು. ಬೆನ್ನ ಮ್ಯಾಲ ಚೀಲ ಇಳಿಸಿದ ಕೂಡ್ಲೆ ಮಂಡಿ ಒಂದು ಸ್ವಲ್ಪ ಕುಸೀತದ, ಹೆದರಬಾರದು, ಅದು ತಾನೇ ಎತ್ತಿಕೊಳ್ತದ ಅಂತ. ಹೊಸ ಹುಡುಗರು ಮಂಡಿ ಸೆಟೆಸಿ ನಿಂತು ಬೀಳ್ತಿದ್ರಂತ. ಅದೂ ಇದೇನಾ?

ಮಾಸ್ತರ, ಯಾದಗಿರಿ
ಮಂಗಳವಾರ ರಾತ್ರಿ 9:55

ಹೌದು ತಾಯಿ. ಭಾರ ಬಿದ್ದು ಮಂಡಿ ಕುಸಿದಾಗ ತೊಡೆಯ ಸ್ನಾಯು ಎಳೆಯಲ್ಪಟ್ಟು, ಸ್ಪಿಂಡಲ್ ಕೂಗಿ, ತೊಡೆ ಬಿಗಿಯುತ್ತದೆ. ಅದರ ಹಿಂದೆಯೇ ಮಿದುಳಿನ ಹುಕುಮೂ ಬಂದು ಸೇರುತ್ತದೆ. ನಿಮ್ಮ ತಂದೆಯವರಿಗೆ ಇದು 30 ವರ್ಷದಿಂದ ಗೊತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ.

ಸಿಸ್ಟರ್ ಅಕ್ಕ
ಮಂಗಳವಾರ ರಾತ್ರಿ 11:40

ಡ್ಯೂಟಿ ಮುಗಿಸಿ ಈಗ ಎಲ್ಲಾ ಓದಿದೆ. ಬಿಗಿ ಅನ್ನೋದು ಎಷ್ಟು ದೂರ ಹೋಗಬಹುದು ಅಂತ ನಾ ಧನುರ್ವಾಯು ವಾರ್ಡಿನಾಗ ಕಂಡೀನಿ. ಆ ರೋಗದ ವಿಷ ಬೆನ್ನುಹುರಿದಾಗ "ಸಡಲ ಬಿಡು" ಅನ್ನೋ ಕೋಶಗಳ ಬಾಯಿ ಕಟ್ತದ. "ಬಿಗಿ" ಅನ್ನೋ ಸುದ್ದಿ ಮಾತ್ರ ಉಳೀತದ. ಒಂದು ಬಾಗಲ ಬಡಿದ ಸಪ್ಪಳಕ್ಕ ಇಡೀ ಮೈ ಬಿಲ್ಲಿನಂಗ ಬಾಗ್ತದ. ಖಣಿದಾಗ, ಹೊಲದಾಗ ದುಡಿಯೋರು ಗಾಯ ಆದ್ರ ಟಿಡಿ ಇಂಜೆಕ್ಷನ್ ಬಿಡಬ್ಯಾಡ್ರಿ.

ಆದ್ರ ನಾ ಬರೀಲಕ ಬಂದದ್ದು ಬ್ಯಾರೆ. ತಂಗೀ, ನೀ ಮೊದಲ ದಿನವೇ ಬರೆದಿದ್ದಿ, ಹೋದ ವಾರದಿಂದ ಏಕದಂ ಜಾಸ್ತಿ ಆಗ್ಯಾದ ಅಂತ. ಅದರ ಮ್ಯಾಲ ಯಾರೂ ಮಾತಾಡಿಲ್ಲ. ಹಿಂಗ ತಟ್ಟನೆ ಬಿಗಿ ಏರ್ತಂದ್ರ ಮೈಯಾಗ ಎಲ್ಲೋ ನೋವು, ಕೀವು, ಜ್ವರ ಅದ ಅಂತ ಹುಡುಕಬೇಕು. ಉಚ್ಚಿ ಉರಿ, ಮಲಬದ್ಧತೆ, ಹಾಸಿಗಿ ಹುಣ್ಣು, ಬಿಗಿಯಾದ ಚಪ್ಪಲಿ, ಏನು ಬೇಕಾದ್ರೂ ಇರಬಹುದು. ಅಪ್ಪಗ ಮಾತು ಬರಲ್ಲ ಅಂದಿ, ಆ ಕಡಿ ಸ್ಪರ್ಶ ಸುದಾ ಕಡಿಮಿ ಇರಬಹುದು. ಆದ್ರ ನೋವಿನ ನರದ ಸುದ್ದಿ ಬೆನ್ನುಹುರಿಗಿ ಮುಟ್ಟೇ ಮುಟ್ಟತದ. ಲಗಾಮು ಇಲ್ಲದ ಬೆನ್ನುಹುರಿ ಎಲ್ಲಾ ಸ್ನಾಯು ಬಿಗಿ ಮಾಡಿ ಕೂಡ್ತದ. ನಾಳೆ ಬೆಳಕಿನ್ಯಾಗ ಬಲಗಾಲು, ಬೆನ್ನು, ಹಿಮ್ಮಡಿ, ಬೆರಳಿನ ಸಂದಿ ಎಲ್ಲಾ ನೋಡು. ಉಚ್ಚಿ ಪರೀಕ್ಷೆ ಮಾಡಿಸು. ಬಿಗಿ ಇಳಿಯೋ ಗುಳಿಗಿ ತಗೋಲತ್ತಿದ್ರ ಕೇಳದೇ ನಿಲ್ಲಿಸಬ್ಯಾಡ. ಬ್ಯಾಕ್ಲೋಫೆನ್ ಇದ್ರಂತೂ ತಟ್ಟನೆ ಬಿಟ್ರ ಫಿಟ್ಸ್ ಬರಬಹುದು.

ಗಂಜಿನ ಮಗಳು, ಕಲಬುರಗಿ
ಬುಧವಾರ ಬೆಳಿಗ್ಗೆ 9:20

ಸಿಸ್ಟರ್ ಅಕ್ಕಾ. ಬಲಗಾಲ ಹೆಬ್ಬೆರಳಿನ ಉಗುರು ಒಳಗ ಬೆಳೆದದ. ಬಾಜೂಕ ಕೆಂಪಾಗಿ ಬಾತು ಕೀವು ಕಟ್ಟ್ಯಾದ. ಕಾಲುಚೀಲ ಹಾಕೇ ಇರ್ತಿದ್ದೀವಿ, ನೋಡೇ ಇಲ್ಲ. ನಾ ಮುಟ್ಟಿದ ಕೂಡ್ಲೆ ಅಪ್ಪನ ಇಡೀ ಕಾಲು ಮ್ಯಾಲ ಜಗ್ಗಿತು, ಕೈ ಎದಿಗಿ ಬಂತು. ಮುಖದ ಮ್ಯಾಲ ಮಾತ್ರ ಏನೂ ಇಲ್ಲ. ಈಗಲೇ ದವಾಖಾನಿಗಿ ಹೊಂಟೀವಿ. ತಮ್ಮ ಆಟೋ ತರ್ಲಕ ಹೋಗ್ಯಾನ.

ಬೀದರ ಫಿಜಿಯೋ
ಬುಧವಾರ ಬೆಳಿಗ್ಗೆ 9:31

ಅದನ್ನ ಮೊದಲ ದಿನವೇ ಕೇಳಬೇಕಿದ್ದವ ನಾನು. ಎಳೆಯೋದರ ಮಾತಿನ್ಯಾಗ ಆ ಸಾಲು ಬಿಟ್ಟುಹೋಯ್ತು. ಸಿಸ್ಟರಿಗಿ ನನ್ನ ನಮಸ್ಕಾರ.

ಗಂಜಿನ ಮಗಳು, ಕಲಬುರಗಿ
ಮುಂದಿನ ಸೋಮವಾರ ರಾತ್ರಿ 10:05

ಉಗುರಿನ ಅಂಚು ತಗದ್ರು, ಐದು ದಿನ ಗುಳಿಗಿ ಕೊಟ್ರು. ಸಕ್ಕರಿ ಪರೀಕ್ಷೆನೂ ಮಾಡಿದ್ರು, ಇಲ್ಲ ಅಂತ ಬಂತು. ಉಚ್ಚಿನೂ ಸ್ವಚ್ಛ ಅದ. ಬಿಗಿ ಪೂರಾ ಹೋಗಿಲ್ಲ, ಆದ್ರ ಮೊದಲಿನಂಗ ಆಗ್ಯಾದ. ಮುಂದಿಂದು ತಮ್ಮ ಬರೀತಾನಂತ, ಫೋನ್ ಅವಗ ಕೊಡ್ತೀನಿ.

ನಾನು ಅಕ್ಕನ ತಮ್ಮ. ಇಲ್ಲಿ ಬರೆದದ್ದೆಲ್ಲಾ ಎರಡು ಸಲ ಓದೀನಿ. ಅಪ್ಪನ ಮುಂದ ಕೂತು ತಪ್ಪಾಯ್ತು ಅಂತ ಹೇಳಿದೆ. ಅವರು ಎಡಗೈಲೇ ನನ್ನ ತಲಿ ಮುಟ್ಟಿದ್ರು. ಈಗ ಮುಂಜಾನಿ ಕೈ ಬಿಚ್ಚೋದು ನನ್ನ ಪಾಳಿ. ಮೊದಲು ಮಣಿಕಟ್ಟು, ಆಮ್ಯಾಲ ಹೆಬ್ಬೆರಳು, ಆಮ್ಯಾಲ ಉಳಿದದ್ದು. ಹತ್ತು ಎಣಿಸ್ತೀನಿ, ಸಾಲಿಲ್ಲಂದ್ರ ಇಪ್ಪತ್ತು. ನಿನ್ನೆ ಹಿಮ್ಮಡಿ ನಾಲ್ಕು ಸಲ ಬಡಿದು ತಾನೇ ನಿಂತಿತು. ಒಂದು ಕೇಳೋದಿತ್ತು, ಬಿಚ್ಚಿದ ಕೈ ರಾತ್ರಿ ಹಂಗೇ ನಿಲ್ಲಲಿ ಅಂತ ಕಟ್ಟಿಗಿ ಪಟ್ಟಿ ಕಟ್ಟಬಹುದೇನ್ರಿ?

ಬೀದರ ಫಿಜಿಯೋ
ಮುಂದಿನ ಸೋಮವಾರ ರಾತ್ರಿ 10:40

ಮನ್ಯಾಗ ಕಟ್ಟಿಗಿ ಕಟ್ಟಬ್ಯಾಡ ತಮ್ಮಾ, ಒತ್ತಿದ ಕಡಿ ಹುಣ್ಣಾಗ್ತದ, ಅವರಿಗಿ ತಿಳಿಯಲ್ಲ. ಕೈ ಅಳತಿ ತಗೊಂಡು ಮಾಡೋ ಸ್ಪ್ಲಿಂಟ್ ಅವ. ನಿಮ್ಮ ಫಿಜಿಯೋ ನೋಡಿ ಬೇಕು ಅಂದ್ರ ಮಾತ್ರ ಹಾಕರಿ, ಹಾಕಿದ್ರ ದಿನಾ ಬಿಚ್ಚಿ ಚರ್ಮ ನೋಡ್ರಿ. ಅಲ್ಲಿತನಕ ಒಂದು ಮೆತ್ತಗಿನ ಅರಿವಿ ಸುರುಳಿ ಮಾಡಿ ಅಂಗೈಯಾಗ ಇಡ್ರಿ, ಉಗುರು ಅಂಗೈಗಿ ಚುಚ್ಚಬಾರದು. ಕೈ ಉಗುರೂ ಇವತ್ತೇ ಕತ್ತರಸ್ರಿ.